ಮೂರು ಗೆರೆಯ ಪೊಟ್ಟಣ

ಆ ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲು ಗೊತ್ತಾಗುತ್ತಿದ್ದದ್ದು ಅಪ್ಪನಿಗೆ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ನಿಂತವನು. ಓದಿದ್ದು ಹತ್ತನೇ ಕ್ಲಾಸು, ಅದರಲ್ಲೂ ವಿಜ್ಞಾನದಲ್ಲಿ ಪಾಸಾಗಿದ್ದು ಎರಡನೇ ಸಲಕ್ಕೆ. ಆದರೂ ಜನ ‘ಗುಳಿಗೆ ಡಾಕ್ಟ್ರೇ’ ಎಂದು ಕೂಗುತ್ತಿದ್ದರು. ಮೊದಮೊದಲು ನಾಚಿಕೊಳ್ಳುತ್ತಿದ್ದ ಅಪ್ಪ ಆಮೇಲಾಮೇಲೆ ಆ ಹೆಸರಿಗೇ ತಿರುಗಿ ನೋಡತೊಡಗಿದ. ನಿಜವಾದ ಡಾಕ್ಟರ ಬಳಿ ಹೋದರೆ ಅರ್ಧ ದಿನ ಬೆಂಚು ಬಿಸಿ ಮಾಡಬೇಕು. ಅಪ್ಪನ ಬಳಿ ಹೋದರೆ ‘ನಾಲಿಗೆ ತೋರ್ಸಿ’ ಎನ್ನುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು.

ಅವನ ಕೈಚಳಕವೆಲ್ಲ ಪೊಟ್ಟಣದಲ್ಲಿತ್ತು. ಸ್ಟ್ರಿಪ್ಪಿನಿಂದ ಗುಳಿಗೆ ಬಿಡಿಸಿ, ಕಂದು ಕಾಗದದಲ್ಲಿ ಮಡಚಿ, ಮೇಲೆ ಪೆನ್ನಿನಿಂದ ಗೆರೆ ಎಳೆಯುವುದು. ಒಂದು ಗೆರೆ ಬೆಳಗಿಗೆ, ಎರಡು ಮಧ್ಯಾಹ್ನಕ್ಕೆ, ಮೂರು ರಾತ್ರಿಗೆ. ಯಾವ ಪೊಟ್ಟಣದ ಮೇಲೂ ಔಷಧಿಯ ಹೆಸರಿಲ್ಲ. ಅದು ಮಾಲೀಕರು ಕಲಿಸಿದ ಪಾಠ. ಹೆಸರು ಗೊತ್ತಾದರೆ ಗಿರಾಕಿ ಮುಂದಿನ ಸಲ ಎದುರಿನ ಅಂಗಡಿಗೆ ಹೋಗುತ್ತಾನೆ. ಗೊತ್ತಿಲ್ಲದಿದ್ದರೆ ‘ಅದೇ, ಹೋದ್ಸಲ ಕೊಟ್ರಲ್ಲ’ ಎಂದು ಇಲ್ಲಿಗೇ ಬರುತ್ತಾನೆ. ಅಪ್ಪನಿಗೆ ಈ ಅಭ್ಯಾಸ ಎಷ್ಟು ರಕ್ತಗತವಾಗಿತ್ತೆಂದರೆ ಮನೆಯವರಿಗೂ ಹಾಗೆಯೇ ಕೊಡುತ್ತಿದ್ದ. ಅಜ್ಜಿಯ ಮಂಡಿನೋವಿಗೂ ಗೆರೆಯ ಪೊಟ್ಟಣ, ಅಮ್ಮನ ತಲೆನೋವಿಗೂ ಗೆರೆಯ ಪೊಟ್ಟಣ.

ಮಗಳಿಗೆ ಮನೆಯಲ್ಲಿ ಕಡ್ಡಿ ಎಂದು ಹೆಸರು. ಎಷ್ಟು ತಿಂದರೂ ಮೈಗೆ ಹತ್ತದ ಹುಡುಗಿ. ಏಳು ಗಂಟೆ ಬಸ್ ಪ್ರಯಾಣದ ದೂರದಲ್ಲಿದ್ದ ವಿಶ್ವವಿದ್ಯಾಲಯದಲ್ಲಿ ಈಗ ಎರಡನೇ ವರ್ಷ ಓದುತ್ತಿದ್ದಳು. ಸೇರಿಸುವ ದಿನ ಕೊಟ್ಟ ಫಾರಂಗಳ ಕಟ್ಟಿನಲ್ಲಿ ಒಂದು ಅಲ್ಲಿನ ಆರೋಗ್ಯ ಕೇಂದ್ರದ ಕಾರ್ಡಿನದು. ಅಪ್ಪ ಅದರ ಮೇಲೆ ಅಡ್ಡಗೆರೆ ಎಳೆದು ‘ಅಗತ್ಯವಿಲ್ಲ, ತಂದೆಯೇ ಔಷಧ ವಿಭಾಗದಲ್ಲಿದ್ದಾರೆ’ ಎಂದು ಬರೆದು ಸಹಿ ಹಾಕಿದ್ದ. ‘ವಿಭಾಗ’ ಎಂಬ ಮಾತು ಸ್ವಲ್ಪ ಜಾಸ್ತಿಯಾಯಿತು ಎಂದು ಅಮ್ಮನಿಗೆ ಆಗಲೇ ಅನ್ನಿಸಿತ್ತು. ಆದರೆ ಹಿಂದೆ ಸಾಲು ದೊಡ್ಡದಿತ್ತು, ಅವಳು ಸುಮ್ಮನಾಗಿದ್ದಳು.

ಹೊಟ್ಟೆನೋವಿನ ಸುದ್ದಿ ಬಂದದ್ದು ಒಂದು ಸೋಮವಾರ, ರಾತ್ರಿಯ ಊಟದ ಹೊತ್ತಿಗೆ. ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಮೂವರೂ ತಟ್ಟೆ ಮುಂದೆ ಕೂತಿದ್ದರು.

“ಎಲ್ಲಿ ನೋವು?” ಅಪ್ಪ ಅನ್ನ ಕಲಸುತ್ತಲೇ ಕೇಳಿದ.

“ಹೊಕ್ಕುಳ ಸುತ್ತ ಇತ್ತಪ್ಪ. ಈಗ ಬಲಗಡೆ, ಕೆಳಗೆ. ಸಂಜೆ ಆದ್ರೆ ಮೈ ಬಿಸಿ ಆಗುತ್ತೆ.”

“ಹಾಸ್ಟೆಲ್ ಊಟ. ಗ್ಯಾಸ್ಟ್ರಿಕ್ಕು.”

“ಬಲಗಡೆ ಅಂತಿದಾಳಲ್ರೀ,” ಅಮ್ಮ ಸೌಟು ಹಿಡಿದ ಕೈ ತಡೆದಳು.

“ಗ್ಯಾಸು ಎಡಗಡೆ ಬಲಗಡೆ ಎಲ್ಲಾ ಓಡಾಡುತ್ತೆ. ಅದಕ್ಕೇನು ಟ್ರಾಫಿಕ್ ರೂಲ್ಸ್ ಇದ್ಯಾ?”

ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಫೋನಿನೊಳಗಿಂದ ಮಗಳೂ ನಕ್ಕಳು, ನಗುವಾಗ ಹೊಟ್ಟೆ ಹಿಡಿದುಕೊಂಡಳು.

“ಅಲ್ಲೇ ಆರೋಗ್ಯ ಕೇಂದ್ರ ಇದೆಯಲ್ಲ, ತೋರಿಸ್ಕೊಂಡು ಬರ್ಲಿ,” ಎಂದಳು ಅಮ್ಮ.

“ಅಲ್ಲಿರೋ ಹುಡುಗ್ರೆಲ್ಲ ನನ್ನ ಮುಂದೆ ಮೊನ್ನೆ ಹುಟ್ಟಿದೋರು. ಬೆಳಗ್ಗೆ ಬಸ್ಸಿಗೆ ಗುಳಿಗೆ ಕಳಿಸ್ತೀನಿ. ಮೂರು ದಿನದಲ್ಲಿ ಕುಣೀತೀಯ ನೋಡು ಕಡ್ಡಿ.”

ಮರುದಿನ ಅಪ್ಪ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಪರಿಚಯದ ಡ್ರೈವರ ಕೈಗೆ ಪೊಟ್ಟಣಗಳನ್ನು ಕೊಟ್ಟು ಬಂದ. ಅವನ ಪ್ರೀತಿ ಸುಳ್ಳಾಗಿರಲಿಲ್ಲ. ಮಗಳಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ಮೈಯೆಲ್ಲ ಗುಳ್ಳೆ ಎದ್ದಾಗ ಹನ್ನೊಂದು ದಿನ ಅಂಗಡಿಗೆ ಹೋಗದೆ ಅವಳ ಪಕ್ಕದಲ್ಲೇ ಕೂತಿದ್ದವನು ಅವನೇ. ಪ್ರೀತಿ ತೋರಿಸಲು ಅವನಿಗೆ ಗುಳಿಗೆ ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ, ಅಷ್ಟೇ.

ಮೂರು ದಿನದಲ್ಲಿ ಮಗಳು ನಿಜಕ್ಕೂ ಕುಣಿದಳು. ಜ್ವರ ಇಳಿಯಿತು, ನೋವು ಮಾಯ. “ಹಸಿವೋ ಹಸಿವು ಅಪ್ಪ, ಎರಡೆರಡು ಸಲ ಹಾಕಿಸ್ಕೊಂಡು ತಿಂತಿದೀನಿ,” ಎಂದಳು. ಅಪ್ಪ ಮೀಸೆ ತೀಡಿಕೊಂಡ. ಅಜ್ಜಿ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಇನ್ನು ಗುಳಿಗೆ ಡಾಕ್ಟರಾದ ಮಗ ಮುದ್ದಾಗದಿರುತ್ತಾನೆಯೇ! ವಾರಕ್ಕೊಂದು ಪಾರ್ಸೆಲ್ ಹೋಗತೊಡಗಿತು. ನಿಲ್ಲಿಸಿದರೆ ನೋವು ಮರಳುತ್ತಿತ್ತು, ತಗೊಂಡರೆ ಹೋಗುತ್ತಿತ್ತು.

ಮೂರನೇ ವಾರ ವಿಡಿಯೋದಲ್ಲಿ ಮಗಳ ಮುಖ ದುಂಡಗೆ ತುಂಬಿಕೊಂಡು ಕಂಡಿತು.

“ಅಯ್ಯೋ ನನ್ನ ಬಂಗಾರಿ! ಇನ್ಮೇಲೆ ಕಡ್ಡಿ ಅನ್ನೋ ಹಾಗಿಲ್ಲ,” ಅಜ್ಜಿ ಫೋನಿಗೇ ದೃಷ್ಟಿ ನಿವಾಳಿಸಿದಳು.

ಅಮ್ಮ ಫೋನಿನ ಹತ್ತಿರಕ್ಕೆ ಬಗ್ಗಿದಳು. ಅವಳು ಕೆಲಸ ಮಾಡುವುದು ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ. ಇಡೀ ದಿನ ಹಾಳೆ ಮಡಚಿ, ಹೊಲಿದು, ಅಂಟು ಬಳಿದು ರಟ್ಟು ಹಾಕುವ ಕೈ. ಒಳಗಿನ ಹೊಲಿಗೆ ಸಡಿಲವಾಗಿದ್ದರೂ ಮೇಲಿನ ರಟ್ಟು ಮಿರಮಿರ ಮಿಂಚಬಹುದೆಂದು ಅವಳಿಗೆ ಚೆನ್ನಾಗಿ ಗೊತ್ತು. ಮಗಳು ಕೂದಲು ಹಿಂದಕ್ಕೆ ತಳ್ಳಿದಾಗ ಅಂಗಿಯ ತೋಳು ಜಾರಿತು. ಕೆನ್ನೆಗಳು ಬನ್ನಿನ ಹಾಗಿದ್ದವು, ಮುಂಗೈ ಮಾತ್ರ ಮೊದಲಿಗಿಂತ ಸಣ್ಣಗಿತ್ತು. ಅದು ಅಮ್ಮನಿಗೆ ಹಿಡಿಸಲಿಲ್ಲ.

ಎರಡು ದಿನ ಬಿಟ್ಟು ಮಗಳು ಮಧ್ಯಾಹ್ನ ಬೈಂಡಿಂಗ್ ಅಂಗಡಿಯ ಹೊತ್ತಿಗೆ ಫೋನ್ ಮಾಡಿದಳು. ಆ ಹೊತ್ತಿಗೆ ಮಾಡಿದಳೆಂದರೆ ಅಪ್ಪನಿಗೆ ಕೇಳಿಸಬಾರದೆಂದೇ ಅರ್ಥ.

“ಅಮ್ಮಾ, ಮತ್ತೆ ನೋಯ್ತಿದೆ. ಗುಳಿಗೆ ತಗೊಂಡ್ರೂ ನೋಯ್ತಿದೆ. ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ.”

“ಏನಂದ್ರು?”

“ಕಿಟಕಿ ಹತ್ರಾನೇ ವಾಪಸ್ ಕಳ್ಸಿದ್ರು. ಕಾರ್ಡಿಲ್ಲ ಅಂತ. ಫೈಲ್ ತೆಗೆದು ಅಪ್ಪ ಬರೆದಿದ್ದನ್ನ ತೋರ್ಸಿದ್ರು. ಈಗ ಬೇಕು ಅಂದ್ರೆ ಮನೆಯಿಂದ ಕಾಗದ ಬೇಕಂತೆ, ಸಹಿ ಮಾಡಿ. ಅಪ್ಪನ್ನ ಹೋದ ವಾರಾನೇ ಕೇಳ್ದೆ ಅಮ್ಮ. ಕಳಿಸ್ತೀನಿ ಅಂದ್ರು. ಪಾರ್ಸೆಲ್‌ನಲ್ಲಿ ಬರೀ ಗುಳಿಗೆ ಇತ್ತು.”

“ಹೊರಗಡೆ ಯಾವ್ದಾದ್ರೂ ಆಸ್ಪತ್ರೆಗೆ ಹೋಗೇ.”

“ಒಬ್ಬಳೇ ಭಯ ಆಗುತ್ತೆ. ಹೋದ್ರೆ ಅಪ್ಪಂಗೆ ಬೇಜಾರಾಗುತ್ತೆ.”

ಹತ್ತೊಂಬತ್ತು ವರ್ಷದ ಹುಡುಗಿಗೆ ಹೊಟ್ಟೆ ಸುಡುತ್ತಿದ್ದರೂ ಅಪ್ಪನ ಬೇಜಾರಿನದೇ ಚಿಂತೆ. ಅಮ್ಮನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಅಂದು ಊಟಕ್ಕೆ ಆಲೂಗಡ್ಡೆ ಪಲ್ಯ, ಬೇಳೆ. ಅಪ್ಪ ಎರಡು ತುತ್ತು ಉಣ್ಣುವವರೆಗೂ ಅಮ್ಮ ಕಾದಳು.

“ಮಗು ಒಂದು ಕಾಗದ ಕೇಳಿದ್ಲಂತೆ. ಸಹಿ ಹಾಕಿ ಕಳ್ಸಿ.”

“ಓ, ನಿಂಗೆ ಚಾಡಿ ಬಂತಾ?”

“ಹೊಟ್ಟೆನೋವು ಚಾಡಿ ಹೇಗಾಗುತ್ತೆ?”

“ಏನಂತ ಬರೀಲಿ ನಾನು? ನನ್ನ ಕೈಲಿ ಆಗ್ಲಿಲ್ಲ, ನೀವು ನೋಡಿ ಅಂತಾನಾ?”

“ಹಾಗೇ ಬರೀರಿ. ಅದ್ರಲ್ಲಿ ತಪ್ಪೇನಿದೆ?”

ಅಪ್ಪ ತಟ್ಟೆ ದೂಡಿದ. ಬೇಳೆ ಚೆಲ್ಲಿ ಚಾಪೆಯ ಮೇಲೆ ಹರಿಯಿತು. ಅಜ್ಜಿ ತನ್ನ ತಟ್ಟೆಯನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದಳು.

“ಅನ್ನದ ಮುಂದೆ ಯಾಕಮ್ಮ ಅವನನ್ನ ಕೆಣಕ್ತೀಯ? ಊರಿಗೆಲ್ಲ ಬೇಕಾದೋನು ನಿಂಗೆ ಬೇಡ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ ಆಯ್ತು ನಿಂದು.”

“ಅತ್ತೆ, ಹಿತ್ತಲ ಗಿಡಕ್ಕೆ ಒಂದು ಹೆಸರಾದ್ರೂ ಇರುತ್ತೆ. ಇವ್ರ ಗುಳಿಗೆಗೆ ಅದೂ ಇಲ್ಲ.” ಅಮ್ಮ ಗಂಡನ ಕಡೆ ತಿರುಗಿದಳು. “ರೀ, ಆ ಪೊಟ್ಟಣದಲ್ಲಿ ಸಣ್ಣ ಬಿಳೀದು ಒಂದು ಇರುತ್ತಲ್ಲ, ಏನದು?”

“ಶಕ್ತಿಗೆ.”

“ಶಕ್ತಿಗೆ ಅಂದ್ರೆ? ಹೆಸರೇನು?”

“ಹೆಸರು ಹೇಳಿದ್ರೆ ನಿಂಗೇನು ಗೊತ್ತಾಗುತ್ತೆ? ನೀನು ಪುಸ್ತಕ ಹೊಲಿಯೋಳು, ಓದೋಳಲ್ಲ.”

ಅಮ್ಮ ಎದ್ದು ಚಾಪೆ ಒರೆಸಿದಳು. ಆಮೇಲೆ ಎರಡು ದಿನ ಗಂಡ ಹೆಂಡತಿ ಮಾತಾಡಿಕೊಂಡದ್ದು ಅಜ್ಜಿಯ ಮೂಲಕ. “ನಿನ್ನ ಹೆಂಡ್ತಿ ಸೋಪು ಮುಗೀತು ಅಂತಿದಾಳೆ.” “ನಿನ್ನ ಗಂಡ ತರ್ತಾನಂತೆ.” ಅಜ್ಜಿಗೆ ಈ ಅಂಚೆ ಕೆಲಸ ಮೊದಲ ದಿನ ಖುಷಿ ಕೊಟ್ಟಿತು, ಎರಡನೇ ದಿನ ಸಾಕಾಯಿತು.

ಮೂರನೇ ದಿನ ಅಮ್ಮ ಬೈಂಡಿಂಗ್ ಅಂಗಡಿಯಲ್ಲಿ ಒಂದು ಒಳ್ಳೆಯ ದಪ್ಪ ಹಾಳೆ ಕೇಳಿ ಇಸಿದುಕೊಂಡು, ಊಟದ ಬಿಡುವಿನಲ್ಲಿ ತಾನೇ ಬರೆದಳು. ‘ನನ್ನ ಮಗಳಿಗೆ ಹೊಟ್ಟೆನೋವು ಇದೆ. ಮನೆಯಲ್ಲಿ ಕೊಟ್ಟ ಔಷಧಿಯಿಂದ ಗುಣ ಆಗಿಲ್ಲ. ದಯವಿಟ್ಟು ನೀವು ನೋಡಿ.’ ಕೆಳಗೆ ತನ್ನ ಸಹಿ, ತನ್ನ ಫೋನ್ ನಂಬರು. ಗುಣ ಆಗಿಲ್ಲ ಎಂದು ಬರೆಯುವಾಗ ಗಂಡನ ಬೆನ್ನ ಹಿಂದೆ ಏನೋ ಕದಿಯುತ್ತಿರುವಂತೆ ಅನ್ನಿಸಿತು. ಅಪ್ಪ ನಂಬುವ ಅದೇ ಡ್ರೈವರ ಕೈಗೇ ಕೊಟ್ಟಳು. “ಇವತ್ತು ಗುಳಿಗೆ ಇಲ್ವಾ?” ಎಂದು ಅವನು ಕೇಳಿದ. “ಇದೇ ಗುಳಿಗೆ,” ಎಂದಳು.

ಮರುದಿನ ಬೆಳಿಗ್ಗೆ ಕಾಗದ ತಲುಪುವ ಹೊತ್ತಿಗೆ ಮಗಳಿಗೆ ವಾಂತಿ ಶುರುವಾಗಿ ಎರಡು ದಿನ. ಗುಳಿಗೆಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕಿಟಕಿಯ ಗುಮಾಸ್ತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಫೈಲಿನಲ್ಲಿರುವುದು ತಂದೆಯ ಸಹಿ, ಇದು ಬೇರೆ ಎಂದನಂತೆ. ಹಿಂದೆ ನಿಂತಿದ್ದ ನರ್ಸಮ್ಮ ಮಗಳ ಮುಖ ನೋಡಿ, “ಸಹಿ ಆಮೇಲೆ ನೋಡ್ಕೊಳ್ರೀ,” ಎಂದು ಒಳಗೆ ಎಳೆದುಕೊಂಡು ಹೋಗಿ ಹೊಟ್ಟೆ ಮುಟ್ಟಿದರಂತೆ. ಅರ್ಧ ಗಂಟೆಯಲ್ಲಿ ಮಗಳು ದೊಡ್ಡಾಸ್ಪತ್ರೆಯಲ್ಲಿದ್ದಳು. ಇದೆಲ್ಲ ಆಮೇಲೆ ತಿಳಿದದ್ದು.

ಅಮ್ಮನಿಗೆ ಅಂದು ತಿಳಿದದ್ದು ಇಷ್ಟು. ಹನ್ನೊಂದೂವರೆಗೆ ಅಂಟು ಬಳಿಯುತ್ತಿದ್ದಾಗ ಫೋನ್ ಬಂತು.

“ಕಾಗದ ಬರೆದಿದ್ದು ನೀವಾ? ತಾಯಿಯಾ? ನಾನು ಆಸ್ಪತ್ರೆ ಡಾಕ್ಟರ್. ಗಾಬರಿ ಆಗ್ಬೇಡಿ, ಸರಿಯಾಗಿ ಕೇಳಿಸ್ಕೊಳ್ಳಿ. ಹೊಟ್ಟೆ ಒಳಗೆ ಕೀವು ಕಟ್ಟಿದೆ, ಆಪರೇಷನ್ ಮಾಡ್ಬೇಕು. ಆದ್ರೆ ಬಿಪಿ ಇಳೀತಿದೆ, ಏನು ಮಾಡಿದ್ರೂ ಏರ್ತಿಲ್ಲ. ಏನೇನು ಮಾತ್ರೆ ತಗೋತಿದ್ಲು?”

“ಅವ್ಳನ್ನೇ ಕೇಳಿ ಮೇಡಂ...”

“ಕೇಳಿದ್ವಿ. ಪೊಟ್ಟಣ ತೋರ್ಸಿದ್ಲು. ಮೇಲೆ ಗೆರೆ ಬಿಟ್ರೆ ಏನೂ ಇಲ್ಲ.”

“ಫೋನ್ ಇಡ್ಬೇಡಿ ಮೇಡಂ. ಎರಡೇ ನಿಮಿಷ. ಇಡ್ಬೇಡಿ.”

ಅಮ್ಮ ಅಂಟಿನ ಕೈಯಲ್ಲೇ ಓಡಿದಳು. ಔಷಧಿ ಅಂಗಡಿ ಎರಡು ಬೀದಿ ಆಚೆ. ಕೌಂಟರಿನ ಮುಂದೆ ನಾಲ್ಕೈದು ಜನ, ಗಲ್ಲಾದಲ್ಲಿ ಮಾಲೀಕರು. ಅಪ್ಪ ಒಬ್ಬ ಮುದುಕನಿಗೆ ಪೊಟ್ಟಣ ಕಟ್ಟಿ ಗೆರೆ ಎಳೆಯುತ್ತಿದ್ದ. ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಗಾಜಿನ ಮೇಲೆ ಇಟ್ಟಳು.

“ಆಸ್ಪತ್ರೆ ಡಾಕ್ಟ್ರು. ಮಗೂಗೆ ಆಪರೇಷನ್. ಏನೇನು ಕೊಟ್ಟಿದ್ರಿ, ಹೇಳಿ.”

ಅಪ್ಪನ ಕೈಯ ಪೆನ್ನು ಎರಡನೇ ಗೆರೆಯಲ್ಲೇ ನಿಂತಿತು. ಅವನು ಗಿರಾಕಿಗಳನ್ನು ನೋಡಿದ, ಮಾಲೀಕರನ್ನು ನೋಡಿದ.

“ಗ್ಯಾಸ್ಟ್ರಿಕ್‌ದು ಮೇಡಂ. ಮತ್ತೆ ಜ್ವರದ್ದು.”

“ಹೆಸರು ಹೇಳಿ.”

ಹೇಳಿದ.

“ಆಂಟಿಬಯೋಟಿಕ್?”

“ಐದೈದು ದಿನದ್ದು. ಎರಡು ಸಲ.”

“ಬೇರೆ?”

“ಬೇರೆ... ಅಷ್ಟೇ ಮೇಡಂ.”

“ಸಣ್ಣ ಬಿಳೀದು,” ಎಂದಳು ಅಮ್ಮ. “ಮೇಡಂ, ಒಂದು ಸಣ್ಣ ಬಿಳಿ ಗುಳಿಗೆ ಇದೆ. ಅದನ್ನ ಕೇಳಿ.”

“ಏನ್ರೀ ಇದು ಗಲಾಟೆ?” ಮಾಲೀಕರು ಗಲ್ಲಾದಿಂದ ಎದ್ದರು. “ಮನೆ ವಿಷಯ ಹೊರಗೆ ಹೋಗಿ ಮಾತಾಡ್ಕೊಳ್ಳಿ. ವ್ಯಾಪಾರದ ಹೊತ್ತು.”

ಅಪ್ಪ ಫೋನ್ ಎತ್ತಿಕೊಳ್ಳಲು ಕೈ ಚಾಚಿದ. ಅಮ್ಮ ಅದರ ಮೇಲೆ ಅಂಗೈ ಒತ್ತಿ ಹಿಡಿದಳು.

“ಹೊರಗೆ ಹೋಗೋಷ್ಟು ಹೊತ್ತಿಲ್ಲ. ಇಲ್ಲೇ ಹೇಳಿ. ರೀ, ಅವ್ಳು ಸಾಯ್ತಾಳೆ ರೀ.”

“ನೋಡಿ,” ಫೋನಿನೊಳಗಿನ ದನಿ ಹೇಳಿತು, “ನಾನು ಪೊಲೀಸ್ ಅಲ್ಲ. ಅವ್ಳ ಮುಖ ಊದಿದೆ. ಸ್ಟೀರಾಯ್ಡ್ ಕೊಟ್ಟಿದೀರಾ ಇಲ್ವಾ? ಅದು ತಟ್ಟನೆ ನಿಂತ್ರೆ ಬಿಪಿ ಹೀಗೇ ಬೀಳುತ್ತೆ, ಕೊಟ್ಟಿದ್ರೆ ಅದಕ್ಕೆ ತಕ್ಕ ಇಂಜೆಕ್ಷನ್ ಈಗ್ಲೇ ಕೊಡ್ಬೇಕು.”

ಅಪ್ಪ ಪೆನ್ನನ್ನು ಗಾಜಿನ ಮೇಲಿಟ್ಟ.

“ಕೊಟ್ಟಿದೀನಿ.”

“ಎಷ್ಟು? ಎಷ್ಟು ದಿನ?”

ಗುಳಿಗೆಯ ಹೆಸರು, ಅದರ ಮಿಲಿಗ್ರಾಂ, ದಿನಕ್ಕೆ ಎರಡು, ಇಪ್ಪತ್ತೆಂಟು ದಿನ. ಅಪ್ಪ ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಗಟ್ಟಿಯಾಗಿ ಅವನು ಆ ಕೌಂಟರಿನಲ್ಲಿ ಒಂದು ಔಷಧಿಯ ಹೆಸರು ಹೇಳಿರಲಿಲ್ಲ. ಆ ಕಡೆಯವರು “ಬಂದ ತಕ್ಷಣ ಇದನ್ನ ಹೇಳೋಕೆ ಯಾರಾದ್ರೂ ಇದ್ದಿದ್ರೆ ಒಂದು ಗಂಟೆ ಉಳೀತಿತ್ತು,” ಎಂದು ಫೋನಿಟ್ಟರು. ಬದುಕುತ್ತಾಳೆ ಎಂದು ಹೇಳಲಿಲ್ಲ.

ಮುದುಕ ತನ್ನ ಪೊಟ್ಟಣ ಬಿಚ್ಚಿ ಬೆರಳಿನಿಂದ ಗುಳಿಗೆಗಳನ್ನು ಸರಿಸಿ ನೋಡಿದ. ಅಲ್ಲೂ ಒಂದು ಸಣ್ಣ ಬಿಳಿಯದು ಇತ್ತು.

“ನಮ್ಮ ಅಂಗಡೀಲಿ ಅಂಥದ್ದೆಲ್ಲ ಚೀಟಿ ಇಲ್ದೆ ಕೊಡಲ್ಲಪ್ಪ,” ಮಾಲೀಕರು ಯಾರೂ ಕೇಳದೆಯೇ ದೊಡ್ಡದಾಗಿ ಹೇಳಿದರು. “ಇವ್ನು ಮನೇಲಿ ಏನು ಮಾಡ್ತಾನೋ ನಮಗೇನು ಗೊತ್ತು?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು. ಮನೆಗೆ ಬಂದು ಅಮ್ಮ ಬ್ಯಾಗಿಗೆ ಬಟ್ಟೆ ತುರುಕಿದಳು. ಅಪ್ಪ ಕೋಣೆಯ ನಡುವೆ ಸುಮ್ಮನೆ ನಿಂತಿದ್ದ. ಪಕ್ಕದ ಮನೆಯವರಿಗೆ ಅಜ್ಜಿಯನ್ನು ನೋಡಿಕೊಳ್ಳಲು ಹೇಳಿ ಅಮ್ಮ ಒಳಗೆ ಬಂದಾಗ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ತನ್ನ ಮಂಡಿನೋವಿನ ಪೊಟ್ಟಣ ಹಿಡಿದು ನಿಂತಿದ್ದಳು.

“ಇದ್ರಲ್ಲೂ ಅದೇ ಇದ್ಯಾ?” ಮಗನಿಗೆ ಕೇಳಿಸದ ಹಾಗೆ ಸೊಸೆಯನ್ನು ಕೇಳಿದಳು.

“ಇರ್ಬಹುದು ಅತ್ತೆ.”

“ನಾಲ್ಕು ವರ್ಷ ಆಯ್ತು ಕಣೇ. ಇವತ್ತಿಂದ ಬಿಟ್ಬಿಡ್ಲಾ?”

“ತಟ್ಟನೆ ಬಿಡೋ ಹಾಗಿಲ್ಲ ಅನ್ಸುತ್ತೆ, ಮಗೂಗೆ ಆಗಿರೋದು ನೋಡಿದ್ರೆ. ತಗೋತಾ ಇರಿ. ಬಂದ ಮೇಲೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ.”

ಅಜ್ಜಿ ತಲೆಯಾಡಿಸಿದಳು. ಸೊಸೆಯ ಕೈಯನ್ನು ಅಷ್ಟು ಹೊತ್ತು ಹಿಡಿದುಕೊಂಡದ್ದು ಮದುವೆಯಾದ ಮೇಲೆ ಅದೇ ಮೊದಲು.

ಏಳು ಗಂಟೆಯ ದಾರಿಯಲ್ಲಿ ಅಪ್ಪ ಒಂದೇ ಮಾತು ಆಡಿದ್ದು. “ಬೇಗ ವಾಸಿಯಾಗ್ಲಿ ಅಂತ ಕೊಟ್ಟೆ ಕಣೇ.” ಅಮ್ಮನಿಗೆ ಬೈಯಬೇಕೆನಿಸಿತು, ಅವನ ಹೆಗಲ ಮೇಲೆ ಕೈಯಿಡಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಕಿಟಕಿಯಾಚೆ ನೋಡುತ್ತ ಕೂತಳು.

ಇಂಜೆಕ್ಷನ್ ಕೊಟ್ಟ ಮೇಲೆ ಬಿಪಿ ಏರಿತ್ತು, ಆಪರೇಷನ್ ಆಗಿತ್ತು. ನಾಲ್ಕು ದಿನ ಗಾಜಿನ ಬಾಗಿಲಾಚೆಯಿಂದಲೇ ನೋಡಿದರು. ಐದನೇ ದಿನ ಮಗಳು ಚಮಚದಲ್ಲಿ ನೀರು ಕುಡಿದಳು. ಹತ್ತನೇ ದಿನ ಗೋಡೆ ಹಿಡಿದು ನಡೆದಳು. ಅಪ್ಪ ಆಸ್ಪತ್ರೆಯ ಔಷಧಿ ಸಾಲಿನಲ್ಲಿ ಎಲ್ಲರ ಹಾಗೆ ಚೀಟಿ ಹಿಡಿದು ನಿಂತ, ಕೊಟ್ಟದ್ದನ್ನು ಮಾತಿಲ್ಲದೆ ತಂದು ನರ್ಸಿನ ಕೈಗಿಟ್ಟ. ಮಾಲೀಕರು ‘ಸದ್ಯಕ್ಕೆ ಬರೋದು ಬೇಡ’ ಎಂದು ಸಂದೇಶ ಕಳಿಸಿದ್ದನ್ನು ಅಮ್ಮನಿಗೆ ತೋರಿಸಿ ಫೋನ್ ಜೇಬಿಗಿಟ್ಟ. ಆ ಬಗ್ಗೆ ಜಗಳಾಡಲು ಇಬ್ಬರಿಗೂ ತ್ರಾಣವಿರಲಿಲ್ಲ.

ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ದಿನ ಅಪ್ಪನ ಮುಖಕ್ಕೆ ಸ್ವಲ್ಪ ಕಳೆ ಬಂತು.

“ನಾಳೆ ಮಧ್ಯಾಹ್ನದ ಬಸ್ಸಿಗೆ ಮೂರು ಸೀಟು ಹೇಳಿದೀನಿ. ಮುಂದಿನದೇ, ಕುಲುಕಾಟ ಇರಲ್ಲ.”

ಮಗಳು ದಿಂಬಿಗೆ ಒರಗಿ ಬ್ರೆಡ್ಡಿನ ಅಂಚು ಕೀಳುತ್ತಿದ್ದಳು. “ನಾನು ಬರಲ್ಲ.”

“ಅಂದ್ರೆ?” ಅಮ್ಮ ಹಣ್ಣು ಹೆಚ್ಚುವುದನ್ನು ನಿಲ್ಲಿಸಿದಳು.

“ಹಾಸ್ಟೆಲ್ಲಲ್ಲೇ ಇರ್ತೀನಿ. ಆ ನರ್ಸಮ್ಮ ದಿನಾ ಬಂದು ನೋಡ್ತೀನಿ ಅಂದಿದಾರೆ. ಕಾರ್ಡೂ ಮಾಡಿಸ್ಕೊಟ್ರು.”

“ತಲೆ ಕೆಟ್ಟಿದ್ಯಾ ನಿಂಗೆ? ಎದ್ದು ನಿಂತ್ರೆ ಬೀಳ್ತೀಯ. ನಿನ್ನ ತಲೆ ಯಾರು ಬಾಚ್ತಾರೆ, ಬಟ್ಟೆ ಯಾರು ಒಗೀತಾರೆ?”

“ಪರೀಕ್ಷೆ ಚಿಂತೆ ಏನೋ,” ಅಪ್ಪ ಮೆಲ್ಲಗೆ ಹೇಳಿದ. “ಪರೀಕ್ಷೆ ಮುಂದಿನ ವರ್ಷ ಬರೀಬಹುದು ಮಗಾ.”

“ಪರೀಕ್ಷೆ ಅಲ್ಲಪ್ಪ.”

“ನನ್ನ ಮೇಲೆ ಸಿಟ್ಟಾ? ಇರ್ಲಿ. ಬಯ್ಯಿ. ಮನೇಲಿ ಕೂತ್ಕೊಂಡೇ ಬಯ್ಯಿ.”

“ಸಿಟ್ಟಿಲ್ಲ.” ಮಗಳು ಬ್ರೆಡ್ಡನ್ನು ಪಕ್ಕಕ್ಕಿಟ್ಟಳು. “ಮನೆಗೆ ಬಂದ್ರೆ ನೀವು ಗುಳಿಗೆ ಕೊಡ್ತೀರ.”

“ಇಲ್ಲ ಕಣೇ. ಇನ್ಮೇಲೆ ಮುಟ್ಟಲ್ಲ. ನಿನ್ನಾಣೆ.”

“ಕೊಡ್ತೀರಪ್ಪ. ನಂಗೆ ನೋವು ಅಂದ್ರೆ ನಿಮ್ಗೆ ತಡ್ಯಕ್ಕಾಗಲ್ಲ. ನೀವು ಕೈ ಚಾಚಿದ್ರೆ ನಂಗೂ ಬೇಡ ಅನ್ನಕ್ಕೆ ಬರಲ್ಲ. ಏನು ಅಂತಾನೂ ಕೇಳ್ದೆ ನುಂಗ್ಬಿಡ್ತೀನಿ.”

ಅಮ್ಮ ಗಂಡನ ಮುಖ ನೋಡಲಾರದೆ ಚಾಕುವನ್ನೇ ನೋಡಿದಳು. ಅಪ್ಪ ಬಹಳ ಹೊತ್ತು ಮಗಳ ಹೊದಿಕೆಯ ಅಂಚನ್ನು ಸರಿಪಡಿಸುತ್ತ ಕೂತ. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡ.

“ಎರಡೇ ಸೀಟು ಸಾಕು ಅಂತ ಹೇಳಿ ಬರ್ತೀನಿ,” ಎಂದು ಹೊರಗೆ ಹೋದ. ಅಮ್ಮ ತಡೆಯಲಿಲ್ಲ.